ಪೈಕ್ಸ್ ಪೀಕ್ ರೇಸ್: ಕೆಳಗೊಂದು ಗಾಳಿ, ಮೇಲೊಂದು ಗಾಳಿ

ಇದು ಅಮೆರಿಕದ ಕೊಲರಾಡೊದಲ್ಲಿರೋ ಪೈಕ್ಸ್ ಪೀಕ್ ಬೆಟ್ಟದ ರಸ್ತೆ. 1916ರಲ್ಲಿ ಶುರುವಾದ ಹಿಲ್ ಕ್ಲೈಂಬ್, ಅಂದ್ರೆ ಬೆಟ್ಟ ಹತ್ತೋ ರೇಸ್, ಇವತ್ತಿಗೂ ಇಲ್ಲೇ ನಡೆಯುತ್ತೆ, ಈಗ ಜೂನ್ ಕೊನೆಗೆ. 19.99 ಕಿಲೋಮೀಟರ್, 156 ತಿರುವು. ಸ್ಟಾರ್ಟ್ ಲೈನೇ 2,862 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 900 ಮೀಟರ್ ಮೇಲೆ! ಫಿನಿಶ್ 4,302 ಮೀಟರಿನಲ್ಲಿ.

ನೋಡೋರಿಗೆ ತಿರುವು, ಪ್ರಪಾತ ಕಣ್ಣಿಗೆ ಬೀಳುತ್ತೆ. ಗಾಡಿ ರೆಡಿ ಮಾಡೋರಿಗೆ ತಲೆನೋವು ಗಾಳಿದೇ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡ 60ರ ಆಸುಪಾಸು. ಕೆಳನಾಡಲ್ಲಿ 100 ಹಾರ್ಸ್‌ಪವರ್ ಕೊಡೋ ಟರ್ಬೊ (ಗಾಳೀನ ಒತ್ತಿ ಒಳಗೆ ತಳ್ಳೋ ಸಾಧನ) ಇಲ್ಲದ ಎಂಜಿನ್, ಇಲ್ಲಿ ಸ್ಟಾರ್ಟಲ್ಲೇ ಸುಮಾರು 70ಕ್ಕೆ ಇಳಿದಿರುತ್ತೆ. ಮೇಲೆ ಮುಟ್ಟೋ ಹೊತ್ತಿಗೆ 60 ಉಳಿದ್ರೆ ಪುಣ್ಯ. ಲಡಾಖ್‌ನ ಖರ್ದುಂಗ್ ಲಾಗೆ ಬೈಕ್ ಹತ್ತಿಸಿದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕಾರ್ಬುರೇಟರಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸೋ ಹಳೇ ಥರದ ಗಾಡಿಗೆ ಕಷ್ಟ ಇನ್ನೂ ಜಾಸ್ತಿ. ಮೇಲೆ ಹೋದಂಗೆ ಗಾಳಿ ತೆಳುವಾಗುತ್ತೆ, ಪೆಟ್ರೋಲ್ ಮಾತ್ರ ಅದೇ ಲೆಕ್ಕದಲ್ಲಿ ಕಮ್ಮಿ ಆಗಲ್ಲ. ಮಿಕ್ಸ್ಚರ್ ರಿಚ್ ಆಗಿ, ಅಂದ್ರೆ ಪೆಟ್ರೋಲ್ ಜಾಸ್ತಿಯಾಗಿ, ಪ್ಲಗ್ ಕರ್ರಗಾಗುತ್ತೆ, ಎಂಜಿನ್ ಮಿಸ್ ಹೊಡೆಯುತ್ತೆ. ತುದಿಗೆ ಸರಿಹೋಗೋ ಚಿಕ್ಕ ಮೇನ್ ಜೆಟ್ (ಪೆಟ್ರೋಲ್ ಬಿಡೋ ತೂತು) ಹಾಕಿದ್ರೆ ಕೆಳಗಡೆ ಲೀನ್ ಓಡಿ, ಅಂದ್ರೆ ಪೆಟ್ರೋಲ್ ಸಾಲದೆ, ಪಿಸ್ಟನ್ ಕರಗೋ ಅಪಾಯ. ಆಯ್ಕೆ ಬಂದಾಗ ರಿಚ್ ಕಡೆಗೇ ವಾಲಬೇಕು: ಅರ್ಧ ಸೆಕೆಂಡ್ ಹೋದ್ರೆ ಹೋಗ್ಲಿ, ಎಂಜಿನ್ ಉಳಿಯುತ್ತೆ. ಫ್ಯೂಯೆಲ್ ಇಂಜೆಕ್ಷನ್ ಇದ್ರೆ ಸೆನ್ಸರ್ ಒತ್ತಡ ಅಳೆದು ಪೆಟ್ರೋಲ್ ಕಮ್ಮಿ ಮಾಡುತ್ತೆ, ಆದ್ರೆ ಇಲ್ಲದ ಆಕ್ಸಿಜನ್ ಎಲ್ಲಿಂದ ತರುತ್ತೆ?

ಹಾಗಾದ್ರೆ ಟರ್ಬೊ? ಕೆಲಸ ಮಾಡುತ್ತೆ, ಬೆಲೆ ಕೇಳುತ್ತೆ. ತೆಳು ಗಾಳೀನ ಅದೇ ಒತ್ತಡಕ್ಕೆ ತರೋಕೆ ಕಂಪ್ರೆಸರ್ ಇನ್ನೂ ಜೋರಾಗಿ ತಿರುಗಬೇಕು. ಆ ಒತ್ತಡ, ಅಂದ್ರೆ ಬೂಸ್ಟ್, ಹಟ ಹಿಡಿದು ಉಳಿಸಿಕೊಂಡ್ರೆ ಟರ್ಬೊ ಮಿತಿ ಮೀರಿ ತಿರುಗಿ ಹಾಳಾಗುತ್ತೆ. ಗಾಳಿ ಕಾದು ಒಳಗೆ ಬರುತ್ತೆ, ಅದನ್ನ ತಣಿಸಬೇಕಾದ ಇಂಟರ್‌ಕೂಲರ್‌ಗೂ ಹೊರಗಿನ ಗಾಳಿ ಸಾಲದು.

ಎಂಜಿನ್ ತಣಿಸೋ ನೀರಿನ, ಅಂದ್ರೆ ಕೂಲಂಟ್ ಲೆಕ್ಕ ನೋಡಿ. 1.1 ಬಾರ್ ರೇಡಿಯೇಟರ್ ಕ್ಯಾಪ್ ಇದ್ರೆ ಸಮುದ್ರ ಮಟ್ಟದಲ್ಲಿ ನೀರು ಸುಮಾರು 122 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲ್ಲ. ಅದೇ ಕ್ಯಾಪಲ್ಲಿ ತುದಿಯಲ್ಲಿ, ಹೊರಗಿನ ಒತ್ತಡ ಕಮ್ಮಿ ಇರೋದ್ರಿಂದ, ಸುಮಾರು 115ಕ್ಕೇ ಕುದಿಯುತ್ತೆ. ಹೊರಗೆ ಚಳಿ ನಡುಗಿಸ್ತಿದ್ರೂ ಎಂಜಿನ್ ಕುದಿಯೋದು ಹೀಗೆ.

ಗಾಡೀನ ನೆಲಕ್ಕೆ ಒತ್ತಿ ಹಿಡಿಯೋ ಡೌನ್‌ಫೋರ್ಸ್ ಕೂಡ ಗಾಳಿಯ ಸಾಂದ್ರತೆ ಜೊತೆ ಕುಸಿಯುತ್ತೆ. ಅದಕ್ಕೇ ಇಲ್ಲಿನ ಗಾಡಿಗಳಿಗೆ ಅಷ್ಟು ಅಗಲದ ರೆಕ್ಕೆ. 2013ರಲ್ಲಿ 8 ನಿಮಿಷ 13.878 ಸೆಕೆಂಡಲ್ಲಿ ಹತ್ತಿದ ಫ್ರೆಂಚ್ ರ‍್ಯಾಲಿ ಚಾಲಕ ಸೆಬಾಸ್ಟಿಯನ್ ಲೋಬ್‌ನ ಪೆಜೊ 208 ಟಿ16ಕ್ಕೆ 875 ಕಿಲೋ ತೂಕ, 875 ಹಾರ್ಸ್‌ಪವರ್. ಹಿಂದಿನ ರೆಕ್ಕೆ ಲೆ ಮಾನ್ಸ್ 24 ಗಂಟೆ ರೇಸಲ್ಲಿ ಓಡಿದ ಪೆಜೊ 908 ಕಾರಿಂದು.

ಎಂಜಿನ್ನಿಗೆ ಗಾಳಿ ಸಾಲದ ತಲೆನೋವಿಂದ ತಪ್ಪಿಸಿಕೊಂಡಿದ್ದು ಕರೆಂಟ್ ಗಾಡಿ. ಮೋಟರ್‌ಗೆ ಆಕ್ಸಿಜನ್ ಬೇಕಿಲ್ಲ. 2018ರಲ್ಲಿ ರೊಮೆಯ್ನ್ ಡ್ಯೂಮಾ ಫೋಕ್ಸ್‌ವ್ಯಾಗನ್ ಐಡಿ.ಆರ್ ಅನ್ನೋ ಕರೆಂಟ್ ಕಾರಲ್ಲಿ ದಾಖಲೆಯನ್ನ 7 ನಿಮಿಷ 57.148 ಸೆಕೆಂಡ್‌ಗೆ ತಂದ. ಮಧ್ಯೆ ರೆಡ್ ಫ್ಲ್ಯಾಗ್ ಬಿದ್ದು ಓಟ ನಿಂತ್ರೆ 20 ನಿಮಿಷದೊಳಗೆ ಬ್ಯಾಟರಿ ತುಂಬಿಸಿ ಮತ್ತೆ ಹೊರಡಬೇಕು ಅನ್ನೋ ನಿಯಮ ಆ ಕಾರಿಗಿದ್ದ ದೊಡ್ಡ ಪರೀಕ್ಷೆ.

ಇನ್ನು ರಸ್ತೆ. 2012ರ ರೇಸಿಂದ ಪೂರ್ತಿ ಡಾಂಬರು. ಆದ್ರೆ ಮೇಲಿನ ಭಾಗದಲ್ಲಿ ನೆಲ ಹಿಮಗಟ್ಟಿ ಕರಗಿ ಡಾಂಬರು ಉಬ್ಬಿರುತ್ತೆ. ಕೆಳಗಿನ ನುಣುಪಿಗೆ ಸಸ್ಪೆನ್ಷನ್ ಬಿಗಿ ಮಾಡಿದ್ರೆ ಮೇಲೆ ಚಕ್ರ ನೆಲ ಬಿಡುತ್ತೆ. ಪ್ರಾಕ್ಟೀಸು ಬೆಳಗಿನ ಜಾವ, ಅದೂ ತುಂಡು ತುಂಡಾಗಿ; ರೇಸ್ ವೇಗದಲ್ಲಿ ಪೂರ್ತಿ ರಸ್ತೆ ಓಡಿಸೋದು ರೇಸ್ ದಿನವೇ, ಒಂದೇ ಸಲ. ಕೆಳಗೆ ಬಿಸಿಲು, ಮೇಲೆ ಆಲಿಕಲ್ಲು ಅಂದ್ರೆ ಟೈರ್ ಯಾವುದು ಹಾಕಬೇಕು ಅನ್ನೋದು ಹೆಚ್ಚುಕಮ್ಮಿ ಜೂಜು.

ಬೈಕ್‌ಗಳು ಈಗಿಲ್ಲ. 2012ರಲ್ಲಿ ಬೈಕಲ್ಲಿ ಮೊದಲ ಸಲ 10 ನಿಮಿಷದೊಳಗೆ ಹತ್ತಿದ್ದ ಕಾರ್ಲಿನ್ ಡನ್, 2019ರಲ್ಲಿ ಫಿನಿಶ್‌ಗೆ ತೀರಾ ಹತ್ತಿರ ಬಿದ್ದು ತೀರಿಕೊಂಡ. ಆಮೇಲೆ ನಿಲ್ಲಿಸಿಬಿಟ್ರು.

ಉಳಿದ ದಿನ ಇದು ಟೋಲ್ ಕಟ್ಟಿ ಯಾರು ಬೇಕಾದ್ರೂ ಓಡಿಸಬಹುದಾದ ರಸ್ತೆ. ಆ ಕಡೆ ಇರೋ ಕನ್ನಡದೋರು ಹೋದ್ರೆ, ಇಳಿಯುವಾಗ ಮೊದಲ ಅಥವಾ ಎರಡನೇ ಗೇರಲ್ಲೇ ಬನ್ನಿ, ಬ್ರೇಕ್ ಒತ್ತಿಕೊಂಡೇ ಬರಬೇಡಿ. ಇಳಿಯೋ ದಾರಿ ಮಧ್ಯೆ ಸಿಗೋ ಗ್ಲೆನ್ ಕೋವ್‌ನಲ್ಲಿ ರೇಂಜರ್ ಗಾಡಿ ನಿಲ್ಲಿಸಿ ಚಕ್ರದ ಹತ್ತಿರ ಥರ್ಮಾಮೀಟರ್ ಹಿಡೀತಾರೆ. ಬ್ರೇಕ್ ಕಾದಿದ್ರೆ ಪಕ್ಕಕ್ಕೆ ಹಾಕಿಸಿ, ತಣ್ಣಗಾದ ಮೇಲೇ ಬಿಡೋದು.