ಗುಡುಗು ಬೇಕು, ಡಬ್ಬ ಕಾಣಬಾರದು

ಕೇಳುಗರಿಗೆ ನಮಸ್ಕಾರ.

ಸಿನಿಮಾದಲ್ಲಿ ಗುಡುಗಿದರೆ ನಾವು ಕೂತ ಸೋಫಾ ಸ್ವಲ್ಪವಾದರೂ ನಡುಗಬೇಕು. ಹೋಂ ಥಿಯೇಟರ್ ಹುಚ್ಚು ಇರುವವರ ಆಸೆ ಇದು. ಆ ಗುಡುಗು ಹೊರಡಿಸುವ ದೊಡ್ಡ ಕಪ್ಪು ಡಬ್ಬ ಮಾತ್ರ ಹಾಲ್‌ನಲ್ಲಿ ಕಣ್ಣಿಗೆ ಬೀಳಬಾರದು. ಇದು ಮನೆಯ ಉಳಿದವರ ಆಸೆ. ಇಬ್ಬರನ್ನೂ ಒಪ್ಪಿಸಲು ಒಂದು ದಾರಿ ಇದೆ. ಸಬ್‌ವೂಫರನ್ನು ನಾವೇ ಮಾಡಿಕೊಂಡು, ಸೋಫಾ ಪಕ್ಕದ ಚಿಕ್ಕ ಮೇಜಿನ ವೇಷ ಹಾಕಿ ಕೂರಿಸಿಬಿಡುವುದು.

ಆದರೆ ಒಂದು ಮಾತು. ಇದನ್ನು ಕಣ್ಣಿಗೆ ಕಾಣದ ಹಾಗೆ ಮಾಡುವುದು ದೊಡ್ಡ ವಿಷಯವಲ್ಲ. ಕಿವಿಗೆ ಸಿಗದ ಹಾಗೆ ಮಾಡುವುದಿದೆಯಲ್ಲ, ಅಲ್ಲಿದೆ ನಿಜವಾದ ಕೆಲಸ.

ನಮ್ಮ ಕಿವಿಗೆ 20 ಹರ್ಟ್ಸ್‌ನಿಂದ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಅದರಲ್ಲಿ ತೀರಾ ತಳದ ಪಾಲು, ಅಂದರೆ 80 ಹರ್ಟ್ಸ್‌ನಿಂದ ಕೆಳಗಿನದು, ಸಬ್‌ವೂಫರ್‌ನ ಪಾಲಿಗೆ ಬರುತ್ತದೆ. ಗಾಳಿಯಲ್ಲಿ 40 ಹರ್ಟ್ಸ್‌ನ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಎಷ್ಟೋ ಹಾಲ್‌ಗಳೇ ಅಷ್ಟು ಉದ್ದ ಇರುವುದಿಲ್ಲ. ಇಷ್ಟು ಉದ್ದದ ಅಲೆ ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ರೀತಿ ಮುಟ್ಟುತ್ತದೆ. ಹಾಗಾಗಿ ಅದು ಯಾವ ಕಡೆಯಿಂದ ಬಂತು ಅಂತ ತಲೆಗೆ ಗೊತ್ತಾಗುವುದಿಲ್ಲ. ಈ ಡಬ್ಬವನ್ನು ಟಿವಿ ಪಕ್ಕದಲ್ಲೇ ಇಡಬೇಕು ಅನ್ನುವ ಕಟ್ಟುಪಾಡು ಇಲ್ಲದಿರುವುದು ಇದರಿಂದಲೇ.

ಹಾಗಿದ್ದರೂ ಕೆಲವು ಮನೆಗಳಲ್ಲಿ ಸಬ್‌ವೂಫರ್ ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ತೋರಿಸಬಹುದು. ಯಾಕೆಂದರೆ ಅದು ತನಗೆ ಸಂಬಂಧವಿಲ್ಲದ ಸದ್ದನ್ನೂ ಮಾಡುತ್ತಿರುತ್ತದೆ. ಹಿಂದೆ ಮುಂದೆ ಆಡಿ ಸದ್ದು ಹೊರಡಿಸುವ ಸ್ಪೀಕರ್‌ನ ಕೋನ್ ಅನ್ನು ಶಕ್ತಿ ಮೀರಿ ದುಡಿಸಿದರೆ ಅದು 30 ಹರ್ಟ್ಸ್ ಜೊತೆಗೆ 60, 90, 120 ಹರ್ಟ್ಸ್‌ಗಳನ್ನೂ ಸೇರಿಸುತ್ತದೆ. ಗಾಳಿ ಹೋಗುವ ಪೋರ್ಟ್ ಚಿಕ್ಕದಾದರೆ ಅಲ್ಲಿ ಬುಸ್ ಬುಸ್ ಅನ್ನುತ್ತದೆ. ತೆಳುವಾದ ಹಲಗೆ ಗುಂಯ್‌ಗುಡುತ್ತದೆ. ಕಿವಿ ಈ ಚಾಡಿಗಳನ್ನು ಹಿಡಿದುಕೊಂಡು ಡಬ್ಬದ ಕಡೆ ತಿರುಗುತ್ತದೆ. ಆದ್ದರಿಂದ ಮುಂದೆ ನಾನು ಹೇಳುವುದೆಲ್ಲ ಈ ಚಾಡಿ ಸದ್ದುಗಳನ್ನು ಅಡಗಿಸುವ ಕೆಲಸವೇ.

ಡಬ್ಬದಲ್ಲಿ ಮುಖ್ಯವಾಗಿ ಎರಡು ಬಗೆ. ಪೋರ್ಟ್ ಇರುವುದು ಒಂದು, ಪೂರ್ತಿ ಮುಚ್ಚಿದ್ದು ಇನ್ನೊಂದು. ಸ್ಪೀಕರ್ ಲೋಕದಲ್ಲಿ ಹಾಫ್‌ಮನ್ ನಿಯಮ ಅಂತ ಒಂದಿದೆ. ಆಳವಾದ ಬೇಸ್, ಚಿಕ್ಕ ಡಬ್ಬ, ಕಡಿಮೆ ವಿದ್ಯುತ್ತಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ ಅನ್ನುತ್ತದೆ ಅದು. ಮೇಜಿನೊಳಗೆ ಅಡಗಬೇಕಾದ್ದರಿಂದ ಚಿಕ್ಕ ಡಬ್ಬ ಬೇಕೇ ಬೇಕು. ಆಳವೂ ಬೇಕು. ಹಾಗಾದರೆ ವಿದ್ಯುತ್ತಿನಲ್ಲಿ ಧಾರಾಳವಾಗಿರೋಣ. ನನ್ನ ಮತ ಮುಚ್ಚಿದ ಡಬ್ಬಕ್ಕೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಬಗೆಯ ಸ್ಪೀಕರನ್ನು ಮಾರುಕಟ್ಟೆಗೆ ತಂದರು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಎದುರೊತ್ತುತ್ತದೆ ಅಲ್ವಾ? ಇಲ್ಲೂ ಡಬ್ಬದೊಳಗಿನ ಗಾಳಿ ಕೋನ್ ಅನ್ನು ಹಾಗೆಯೇ ಹಿಡಿತದಲ್ಲಿಡುತ್ತದೆ. ಪೋರ್ಟೇ ಇಲ್ಲದ ಮೇಲೆ ಬುಸ್ ಅನ್ನುವ ಮಾತೂ ಇಲ್ಲ.

ಡಬ್ಬ ಎಷ್ಟು ದೊಡ್ಡದಿರಬೇಕು? ಇದನ್ನು ಅಂದಾಜಿನ ಮೇಲೆ ಮಾಡಬೇಡಿ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಕೂಡಿ ಕಟ್ಟಿದ ಲೆಕ್ಕ ನಮಗಿದೆ. ಒಳ್ಳೆಯ ಡ್ರೈವರ್, ಅಂದರೆ ಡಬ್ಬಕ್ಕೆ ಕೂರಿಸುವ ಬಿಡಿ ಸ್ಪೀಕರ್, ಅದರ ಜೊತೆ ಬರುವ ಡೇಟಾಶೀಟ್‌ನಲ್ಲಿ ಅವರ ಹೆಸರಿನ ಅಂಕಿಗಳು ಇರುತ್ತವೆ. ನಮಗೆ ಮೂರು ಸಾಕು: ಎಫ್‌ಎಸ್, ಕ್ಯೂಟಿಎಸ್, ವಿಎಎಸ್. ಕೋನ್ ತನ್ನಷ್ಟಕ್ಕೆ ಎಷ್ಟು ಹರ್ಟ್ಸ್‌ನಲ್ಲಿ ಆಡುತ್ತದೆ ಅನ್ನುವುದು ಎಫ್‌ಎಸ್, ಆ ಆಟಕ್ಕೆ ಹಿಡಿತ ಎಷ್ಟು ಸಡಿಲ ಅನ್ನುವುದು ಕ್ಯೂಟಿಎಸ್, ಎಷ್ಟು ಲೀಟರ್ ಗಾಳಿ ಕೋನ್‌ನ ಹಿಡಿಕೆಯಷ್ಟೇ ಬಿಗಿಯ ಸ್ಪ್ರಿಂಗ್ ಆಗುತ್ತದೆ ಅನ್ನುವುದು ವಿಎಎಸ್. ಪೆನ್ನಿದ್ದರೆ ಬರೆದುಕೊಳ್ಳಿ. ಒಂದು ಹತ್ತು ಇಂಚಿನ ಡ್ರೈವರ್‌ಗೆ ಎಫ್‌ಎಸ್ 25 ಹರ್ಟ್ಸ್, ಕ್ಯೂಟಿಎಸ್ 0.4, ವಿಎಎಸ್ 60 ಲೀಟರ್ ಇದೆ ಅಂತಿಟ್ಟುಕೊಳ್ಳಿ. ಬೇಸ್ ಎಲ್ಲೂ ಉಬ್ಬದೆ ಸಮವಾಗಿ ಬರಬೇಕಾದರೆ ಡಬ್ಬದೊಳಗೆ ಕೂತ ಮೇಲೆ ಆ 0.4 ಅನ್ನುವುದು 0.707 ಆಗಬೇಕು. 0.707ನ್ನು 0.4ರಿಂದ ಭಾಗಿಸಿ, 1.77 ಬರುತ್ತದೆ. ಅದರ ವರ್ಗ 3.12. ಅದರಲ್ಲಿ 1 ಕಳೆದರೆ 2.12. ಈಗ 60 ಲೀಟರನ್ನು 2.12ರಿಂದ ಭಾಗಿಸಿದರೆ ಸುಮಾರು 28 ಲೀಟರ್. ನಿಮ್ಮ ಡಬ್ಬ ಅಷ್ಟೇ.

ಮರದ ನಾರನ್ನು ಒತ್ತಿ ಮಾಡಿದ ಹದಿನೆಂಟು ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆಯಲ್ಲಿ, ಹೊರಗಿನಿಂದ ಎಲ್ಲ ಕಡೆ 35 ಸೆಂಟಿಮೀಟರ್ ಇರುವ ಘನಾಕಾರದ ಪೆಟ್ಟಿಗೆ ಮಾಡಿದರೆ ಒಳಗೆ 31 ಲೀಟರ್ ಜಾಗ ಸಿಗುತ್ತದೆ. ಡ್ರೈವರ್ ಮತ್ತು ಒಳಗಿನ ಆಧಾರದ ಹಲಗೆ ಸೇರಿ ಮೂರು ಲೀಟರ್ ತಿಂದರೆ ಉಳಿಯುವುದು ನಮ್ಮ 28. ಸ್ಪೀಕರ್ ಡಬ್ಬ ಚೌಕ ಇರಲೇಬಾರದು ಅಂತ ಕೆಲವರು ಹೆದರಿಸುತ್ತಾರೆ. ಬೇರೆ ಸ್ಪೀಕರ್‌ಗೆ ಅದು ಸರಿ. ಈ ಅಳತೆಯ ಡಬ್ಬದೊಳಗೆ ಅಲೆ ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಉಬ್ಬುವುದು 550 ಹರ್ಟ್ಸ್ ಆಸುಪಾಸಿನಲ್ಲಿ. ನಮ್ಮ ಸಬ್‌ವೂಫರ್ ಆ ಕಡೆ ಹೋಗುವುದೇ ಇಲ್ಲ.

ಡ್ರೈವರನ್ನು ಅಡಿ ಹಲಗೆಗೆ, ನೆಲದ ಕಡೆ ಮುಖ ಮಾಡಿ ಕೂರಿಸಿ. ಆಗ ಮೇಜಿನ ನಾಲ್ಕೂ ಮಗ್ಗುಲು ನುಣ್ಣಗೆ, ಸ್ಪೀಕರ್ ಅನ್ನುವ ಗುರುತೇ ಇರುವುದಿಲ್ಲ. ಕೋನ್ ತನ್ನ ಭಾರಕ್ಕೆ ಜೋತುಬೀಳುವುದಿಲ್ಲವೇ ಅಂತ ಕೇಳಬಹುದು. ಬೀಳುತ್ತದೆ, ಆದರೆ 25 ಹರ್ಟ್ಸ್ ಡ್ರೈವರ್‌ಗೆ ಅದು ಅರ್ಧ ಮಿಲಿಮೀಟರೂ ಆಗುವುದಿಲ್ಲ. ಕೋನ್ ಎರಡೂ ಕಡೆ ಹತ್ತು ಹನ್ನೆರಡು ಮಿಲಿಮೀಟರ್ ಆಡುವಂಥದ್ದಾದರೆ ಇದು ಲೆಕ್ಕಕ್ಕಿಲ್ಲ. ಕಾಲುಗಳು ಐದು ಸೆಂಟಿಮೀಟರ್ ಎತ್ತರ ಇರಲಿ. ಸುತ್ತಲಿನ ಸಂದು 700 ಚದರ ಸೆಂಟಿಮೀಟರ್ ಆಗುತ್ತದೆ. ಹತ್ತು ಇಂಚಿನ ಕೋನ್‌ನ ಮುಖ ಸುಮಾರು ಅದರ ಅರ್ಧ. ಗಾಳಿಗೆ ಇಕ್ಕಟ್ಟಿಲ್ಲ.

ಕಟ್ಟುವಾಗ ಗಮನ ಬೇಕಾದ್ದು ಸಂದುಗಳ ಮೇಲೆ. ಮರದ ಅಂಟು ಹಚ್ಚಿ, ಕ್ಲಾಂಪ್ ಹಾಕಿ, ಅಂಟು ಹನಿಹನಿಯಾಗಿ ಹೊರಗೆ ಇಣುಕುವಷ್ಟು ಬಿಗಿಯಿರಿ. ಒಳಗೆ ನಡುವೆ ಒಂದು ಹಲಗೆಗೆ ದೊಡ್ಡ ತೂತು ಕೊರೆದು, ಎದುರುಬದುರು ಗೋಡೆಗಳನ್ನು ಹಿಡಿಯುವಂತೆ ಅಂಟಿಸಿ. ಹಲಗೆ ಗುಂಯ್ ಅನ್ನುವುದು ಇಲ್ಲೇ ನಿಲ್ಲುತ್ತದೆ. ಒಳಮೂಲೆಗಳಿಗೆ ಸಿಲಿಕೋನ್ ಎಳೆದರೆ ಒಳ್ಳೆಯದು. ಆದರೆ ಅದರ ಹುಳಿ ವಾಸನೆ ಪೂರ್ತಿ ಹೋಗುವ ತನಕ ಡ್ರೈವರ್ ಕೂರಿಸಬೇಡಿ, ಆ ಆವಿ ಒಳಗಿನ ಅಂಟಿಗೂ ಲೋಹಕ್ಕೂ ಆಗುವುದಿಲ್ಲ. ಡ್ರೈವರನ್ನು ಮರದ ಸ್ಕ್ರೂನಲ್ಲಿ ಬಿಗಿಯುವುದಕ್ಕಿಂತ ಟೀ-ನಟ್, ಅಂದರೆ ಹಲಗೆಯೊಳಗೆ ಕಚ್ಚಿ ಕೂರುವ ನಟ್, ಮತ್ತು ಬೋಲ್ಟ್ ವಾಸಿ. ತಲೆಕೆಳಗಾಗಿ ನೇತಾಡುವ ಭಾರ ಅದು. ಎಂಡಿಎಫ್‌ನಲ್ಲಿ ಸ್ಕ್ರೂ ದಿನ ಕಳೆದಂತೆ ಸಡಿಲವಾಗುತ್ತದೆ. ಹಾಂ, ಎಂಡಿಎಫ್ ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಕೆಟ್ಟದ್ದು.

ಗಾಳಿ ಸೋರುತ್ತಿದೆಯೇ ಅಂತ ನೋಡಲು 30 ಹರ್ಟ್ಸ್‌ನ ಸದ್ದು ಹಾಕಿ, ಮುಂಗೈ ಒದ್ದೆ ಮಾಡಿಕೊಂಡು ಸಂದುಗಳ ಉದ್ದಕ್ಕೂ ಮೆಲ್ಲಗೆ ಆಡಿಸಿ. ಸೋರುವ ಕಡೆ ತಣ್ಣಗೆ ತಾಗುತ್ತದೆ. ವೈರ್ ಸರಿ ಇದೆಯೇ ಅಂತ ತಿಳಿಯಲು ಒಂದೂವರೆ ವೋಲ್ಟ್ ಸೆಲ್ ಸಾಕು. ಪ್ಲಸ್‌ಗೆ ಪ್ಲಸ್ ತಾಗಿಸಿದಾಗ ಕೋನ್ ಹೊರಗೆ ಬರಬೇಕು.

ಆಂಪ್ಲಿಫೈಯರ್ ಅನ್ನು ಡಬ್ಬದೊಳಗೆ ತುರುಕದೆ ಟಿವಿ ಕೆಳಗಿನ ಕಪಾಟಿನಲ್ಲಿ, ಗಾಳಿಯಾಡುವ ಕಡೆ ಇಡಿ. ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ರಿಸೀವರ್‌ನಲ್ಲಿ ಉಳಿದ ಸ್ಪೀಕರ್‌ಗಳನ್ನು 'ಸ್ಮಾಲ್' ಅಂತ ಆರಿಸಿ, ಕ್ರಾಸ್‌ಓವರ್, ಅಂದರೆ ಸದ್ದು ಯಾವ ಹರ್ಟ್ಸ್‌ನಿಂದ ಕೆಳಗೆ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ, 80ಕ್ಕೆ ಹಾಕಿ. ಸಬ್‌ವೂಫರ್ ಆಂಪ್ಲಿಫೈಯರ್‌ನಲ್ಲೂ ಒಂದು ಕ್ರಾಸ್‌ಓವರ್ ಗುಂಡಿ ಇದ್ದರೆ ಅದನ್ನು ಅತಿ ಹೆಚ್ಚು ಹರ್ಟ್ಸ್ ಇರುವ ತುದಿಗೆ ತಿರುಗಿಸಿಬಿಡಿ. ಇಲ್ಲದಿದ್ದರೆ ಒಂದೇ ಸದ್ದನ್ನು ಎರಡೆರಡು ಸಲ ಸೋಸಿದಂತಾಗುತ್ತದೆ.

ಇನ್ನು ಜಾಗ. ಐದು ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಸ್‌ನ ಅಲೆ ಗೋಡೆಯ ಹತ್ತಿರ ಉಬ್ಬಿ, ಸರಿಯಾಗಿ ನಡುವೆ ಇಲ್ಲವಾಗುತ್ತದೆ. ಸೋಫಾ ಅಲ್ಲೇ ಇದ್ದರೆ ಎಂಥ ಸಬ್‌ವೂಫರ್ ತಂದರೂ ಆ ಸದ್ದು ಕೇಳದು. ಅದಕ್ಕೆ ಹಳೆಯ ಉಪಾಯ ಒಂದಿದೆ. ಡಬ್ಬವನ್ನು ನೀವು ಕೂರುವ ಜಾಗದಲ್ಲಿ ಇಟ್ಟು, ಬೇಸ್ ಜಾಸ್ತಿ ಇರುವ ಹಾಡು ಹಾಕಿ, ನೀವು ಅಂಬೆಗಾಲಿಟ್ಟು ಕೋಣೆ ಸುತ್ತಿ. ಎಲ್ಲಿ ಎಲ್ಲ ಸ್ವರವೂ ಸಮವಾಗಿ ಕೇಳುತ್ತದೋ ಅಲ್ಲಿ ಡಬ್ಬ ಇಡಿ. ಮನೆಯವರು ನಗುತ್ತಾರೆ. ನಗಲಿ ಬಿಡಿ. ಮೈಕ್ ಇದ್ದವರು ರೂಮ್ ಇಕ್ಯು ವಿಝರ್ಡ್ ಅನ್ನುವ ಸಾಫ್ಟ್‌ವೇರ್‌ನಿಂದ ಇದನ್ನೇ ಮರ್ಯಾದೆಯಾಗಿ ನಿಂತುಕೊಂಡು ಅಳೆಯಬಹುದು.

ಇಷ್ಟಾದ ಮೇಲೂ ಏನೋ ಗಲಗಲ ಅಂದರೆ ಅದು ಡಬ್ಬವಲ್ಲ. ಕಿಟಕಿಯ ಗಾಜು, ಗೋಡೆಯ ಫೋಟೊ, ಶೋಕೇಸ್‌ನ ಬಾಗಿಲು, ಇವನ್ನು ನೋಡಿ. 20ರಿಂದ 80 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸದ್ದು ಹಾಕಿದರೆ ಒಂದೊಂದೂ ತನ್ನ ಸರದಿ ಬಂದಾಗ ಅಲುಗಾಡಿ ಸಿಕ್ಕಿಬೀಳುತ್ತದೆ. ಹಿಂದೆ ಒಂದು ಚೂರು ಫೆಲ್ಟ್ ಅಂಟಿಸಿದರೆ ಮುಗಿಯಿತು.

ಅಕ್ಕಪಕ್ಕದವರ ವಿಷಯ ಬೇರೆ. ಕಾಲಿನಡಿ ರಬ್ಬರ್ ಇಟ್ಟರೆ ನೆಲಕ್ಕೆ ಇಳಿಯುವ ನಡುಕ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಹೋಗುವ ಬೇಸ್ ಅದಕ್ಕೆ ಬಗ್ಗುವುದಿಲ್ಲ, ಗೋಡೆ ದಾಟಿಯೇ ತೀರುತ್ತದೆ. ಗೋಡೆಗೆ ಫೋಮ್ ಅಂಟಿಸಿದರೂ ಅಷ್ಟೇ. ರಾತ್ರಿ ಹೊತ್ತಿಗೆ ರಿಸೀವರ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿ, ಸಬ್‌ವೂಫರ್ ಒಂದಷ್ಟು ಡೆಸಿಬೆಲ್ ಇಳಿಸಿ ಸಿನಿಮಾ ನೋಡಿ.

ನಮಸ್ಕಾರ.