ರಜೆ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಆಪರೇಟರ್ ಕೈಗೆ ಮೊಬೈಲ್ ಕೊಡಿ

ನಮಸ್ಕಾರ. ಇವತ್ತಿನ ಮಾತು ರಜೆ ಲೆಕ್ಕ ಇಡುವ ಸಾಫ್ಟ್‌ವೇರ್ ಬಗ್ಗೆ. ಇಪ್ಪತ್ತು, ಮೂವತ್ತು, ನೂರು ಜನರಿರುವ ಕಂಪನಿ ನಡೆಸುವವರು, ಅಲ್ಲಿ ಎಚ್‌ಆರ್ ನೋಡಿಕೊಳ್ಳುವವರು ದಯವಿಟ್ಟು ಪೂರ್ತಿ ಕೇಳಿ. ಕೆಲಸಕ್ಕೆ ಹೋಗುವವರೂ ಕೇಳಿ, ಯಾಕಂದ್ರೆ ಇದು ನಿಮ್ಮ ದುಡ್ಡಿನ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಸಾಫ್ಟ್‌ವೇರಿಗೆ ದುಡ್ಡು ಕೊಡುವವರು ಮಾಲೀಕರು. ಡೆಮೊ ನೋಡುವವರು ಎಚ್‌ಆರ್. ಆದರೆ ಒಳಗಿರುವ ಲೆಕ್ಕ ಪೂರ್ತಿ ಕೆಲಸಗಾರರದು. ಹಾಗಾಗಿ ಮೊದಲು ನೋಡಬೇಕಾದ್ದು ಮಾಲೀಕರ ಡ್ಯಾಶ್‌ಬೋರ್ಡ್ ಅಲ್ಲ. ಒಬ್ಬ ಮಷೀನ್ ಆಪರೇಟರ್ ತನ್ನ ಮೊಬೈಲಿನಲ್ಲಿ ತನ್ನ ರಜೆ ತೆಗೆದು ನೋಡಿದಾಗ ಏನು ಕಾಣುತ್ತದೆ ಅನ್ನೋದು. ಅಲ್ಲಿ ಸರಿಯಿಲ್ಲದಿದ್ದರೆ ಬೇರೆ ಎಷ್ಟು ಚೆನ್ನಾಗಿದ್ದರೂ ಆ ಸಾಫ್ಟ್‌ವೇರ್ ಬೇಡ.

ಬೆಂಗಳೂರಿನ ಪೀಣ್ಯ ಕಡೆಯ ಸಣ್ಣ ಯೂನಿಟ್‌ಗಳಲ್ಲಿ ರಜೆ ಹೇಗೆ ನಡೆಯುತ್ತದೆ ಗೊತ್ತಲ್ವಾ? ರಾತ್ರಿ ಸೂಪರ್‌ವೈಸರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜು ಹೋಗುತ್ತದೆ. "ಸಾರ್, ನಾಳೆ ಬರಲ್ಲ, ಮಗೂಗೆ ಜ್ವರ." ಅವರು ಒಂದು ಹೆಬ್ಬೆರಳಿನ ಗುರುತು ಒತ್ತುತ್ತಾರೆ. ಅಲ್ಲಿಗೆ ರಜೆ ಮಂಜೂರು. ತಿಂಗಳ ಕೊನೆಗೆ ಎಚ್‌ಆರ್‌ನವರು ಎಕ್ಸೆಲ್ ತೆಗೆದು ಕೂತು, "ಹದಿನಾಲ್ಕನೇ ತಾರೀಕು ಯಾರ್ಯಾರು ಬಂದಿರಲಿಲ್ಲ?" ಎಂದು ಸೂಪರ್‌ವೈಸರನ್ನು ಕೇಳುತ್ತಾರೆ. ಅಷ್ಟೊತ್ತಿಗೆ ಆ ಮೆಸೇಜು ನೂರಾರು ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೂತುಹೋಗಿರುತ್ತದೆ. ಸಿಗಲಿಲ್ಲ ಅಂದ್ರೆ ಎಲ್‌ಒಪಿ, ಒಂದು ದಿನದ ಸಂಬಳ ಕಟ್. ಸಂಬಳ ಬಂದ ದಿನ ಜಗಳ. ಯಾರೂ ಬೇಕಂತ ಮೋಸ ಮಾಡಿಲ್ಲ. ಆದರೂ ಒಬ್ಬರ ದುಡ್ಡು ಹೋಯಿತು.

ಸಾಫ್ಟ್‌ವೇರ್ ಬೇಕಾಗಿರುವುದು ಇದಕ್ಕೆ. ಆದರೆ ಡೆಮೊಗೆ ಬರುವವರು ಈ ಜಾಗ ತೋರಿಸುವುದಿಲ್ಲ. ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ. ನೀವು ನಿಲ್ಲಿಸಿ, "ಸ್ವಲ್ಪ ಇರಿ, ಎಂಪ್ಲಾಯಿ ಲಾಗಿನ್ ತೋರಿಸಿ" ಅನ್ನಿ. ಅಲ್ಲಿ "ಬ್ಯಾಲೆನ್ಸ್ 6.5" ಎಂದು ಒಂದೇ ಅಂಕಿ ಇದ್ದರೆ ಸಾಲದು. ಬ್ಯಾಂಕ್ ಪಾಸ್‌ಬುಕ್ ಥರ ಇರಬೇಕು. ಯಾವ ದಿನ ಎಷ್ಟು ಜಮಾ ಆಯಿತು, ಯಾವ ದಿನ ಎಷ್ಟು ಕಳೆಯಿತು, ಯಾಕೆ ಕಳೆಯಿತು, ಯಾರು ತಿದ್ದಿದರು. ಎಚ್‌ಆರ್ ಕೈಯಾರೆ ಒಂದು ದಿನ ಕಡಿಮೆ ಮಾಡಿದರೆ ಅದೂ ಹೆಸರಿನ ಸಮೇತ ಕಾಣಬೇಕು.

ಇಷ್ಟೊಂದು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಗಳಿಕೆ ರಜೆ, ಅಂದ್ರೆ ಇಎಲ್, ಮಾಲೀಕರು ಖುಷಿಯಾದಾಗ ಕೊಡುವ ಉಡುಗೊರೆ ಅಲ್ಲ. ದುಡಿದು ಗಳಿಸಿದ್ದು. ಇಪ್ಪತ್ತು ದಿನ ದುಡಿದರೆ ಒಂದು ದಿನ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಸಂಬಳ ಸಹಿತ ವಾರ್ಷಿಕ ರಜೆ ಕೊಡಲೇಬೇಕು ಅಂತ ಕೇಂದ್ರ ಕಾನೂನೇ ಇಲ್ಲ. ಅಲ್ಲಿನವರಿಗೆ ಅಂತ ಮಾಡಿದ ಆ್ಯಪ್‌ಗಳಲ್ಲಿ ರಜೆ ಅಂದ್ರೆ ಕಂಪನಿ ಪಾಲಿಸಿ ಅಷ್ಟೇ. ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿರುತ್ತಾರೆ. ನಮ್ಮ ಇಎಲ್, ಸಿಎಲ್ ಅಂದ್ರೆ ಸಾಂದರ್ಭಿಕ ರಜೆ, ಎಸ್‌ಎಲ್ ಅಂದ್ರೆ ಕಾಯಿಲೆ ರಜೆ, ಕಾಂಪ್ ಆಫ್ ಅಂದ್ರೆ ರಜೆ ದಿನ ದುಡಿದದ್ದಕ್ಕೆ ಬದಲಿ ರಜೆ, ಅರ್ಧ ದಿನ ಇವನ್ನೆಲ್ಲ ಅದರೊಳಗೆ ತುರುಕಲು ಹೋದರೆ ಕೊನೆಗೆ ಮತ್ತೆ ಎಕ್ಸೆಲ್ಲೇ ಗತಿ. ನಮ್ಮಲ್ಲೇ ಮಾಡಿದ ಇಂಥ ಸಾಫ್ಟ್‌ವೇರ್‌ಗಳಲ್ಲಿ ಬೆಂಗಳೂರಿನ ಗ್ರೇಟ್‌ಎಚ್‌ಆರ್ ಇದೆ, ಹೈದರಾಬಾದಿನ ಕೇಕಾ ಇದೆ, ಚೆನ್ನೈನ ಜೋಹೊ ಪೀಪಲ್ ಇದೆ. ಇಲ್ಲಿನ ರಜೆಗಳನ್ನು ಬಲ್ಲವರು ಇಲ್ಲೇ ಇದ್ದಾರೆ. ಆದರೂ ಹೆಸರು ನೋಡಿ ತಗೊಳ್ಳಬೇಡಿ. ನಿಮ್ಮ ಲೆಕ್ಕ ಹಾಕಿಸಿ ನೋಡಿ.

ಯಾವ ಲೆಕ್ಕ? ಒಂದು ಉದಾಹರಣೆ. ಫ್ಯಾಕ್ಟರಿಗಳಿಗೆ ಇದ್ದ 1948ರ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ಕೆಲಸ ಮಾಡಿದರೆ ಮಾತ್ರ ಗಳಿಕೆ ರಜೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು ಅದು 180 ದಿನಕ್ಕೆ ಇಳಿಯಿತು. ಒಬ್ಬರು ವರ್ಷದಲ್ಲಿ 220 ದಿನ ದುಡಿದಿದ್ದಾರೆ ಅಂತಿಟ್ಟುಕೊಳ್ಳಿ. ಹಳೇ ಲೆಕ್ಕದಲ್ಲಿ ಸೊನ್ನೆ. ಹೊಸ ಲೆಕ್ಕದಲ್ಲಿ 11 ದಿನ. ಸಾಫ್ಟ್‌ವೇರ್ ಒಳಗೆ ಇನ್ನೂ 240 ಅಂತಲೇ ಕೂತಿದ್ದರೆ ಆ 11 ದಿನ ಸದ್ದಿಲ್ಲದೆ ಮಾಯ. ಆ ಅಂಕಿ ಬದಲಿಸಲು ನೀವೇ ಸೆಟ್ಟಿಂಗ್‌ಗೆ ಹೋಗಬಹುದಾ, ಅಥವಾ ಸಾಫ್ಟ್‌ವೇರ್ ಕಂಪನಿಯವರಿಗೆ ಟಿಕೆಟ್, ಅಂದ್ರೆ ಕೋರಿಕೆ, ಹಾಕಿ ವಾರಗಟ್ಟಲೆ ಕಾಯಬೇಕಾ, ಅದನ್ನು ಕೇಳಿ.

ಇನ್ನೂ ಸೂಕ್ಷ್ಮವಾದದ್ದು ಹೆರಿಗೆ ರಜೆ. 26 ವಾರದವರೆಗಿನ ಹೆರಿಗೆ ರಜೆಯ ದಿನಗಳು ಆ 180ರ ಎಣಿಕೆಗೆ ಸೇರುತ್ತವೆ. ಆ ದಿನಗಳಿಗೆ ಹೊಸದಾಗಿ ಇಎಲ್ ಹುಟ್ಟುವುದಿಲ್ಲ, ಆದರೆ ಅರ್ಹತೆಗೆ ಲೆಕ್ಕ ಇದೆ. ಅಂದ್ರೆ ಒಬ್ಬ ಹೆಣ್ಣುಮಗಳು 100 ದಿನ ಕೆಲಸ ಮಾಡಿ 182 ದಿನ ಹೆರಿಗೆ ರಜೆಯಲ್ಲಿದ್ದರೆ ಅವರಿಗೆ 5 ದಿನ ಇಎಲ್ ಬರಬೇಕು. ಡೆಮೊ ಕೊಡುವವರ ಮುಂದೆ ಇದೇ ಅಂಕಿ ಹಾಕಿಸಿ. ಸೊನ್ನೆ ತೋರಿಸಿದರೆ, ಎಳೆ ಮಗು ಬಿಟ್ಟು ಕೆಲಸಕ್ಕೆ ವಾಪಸು ಬಂದ ತಾಯಿಗೆ ನಿಮ್ಮ ಕಂಪನಿ ಅನ್ಯಾಯ ಮಾಡುತ್ತದೆ, ಅದೂ ನಿಮಗೇ ಗೊತ್ತಾಗದ ಹಾಗೆ.

ಅಂಗಡಿ, ಆಫೀಸುಗಳಿಗೆ ನಮ್ಮ ರಾಜ್ಯದ 1961ರ ಕಾಯ್ದೆ ಬೇರೆ ಇದೆ. ಅಲ್ಲಿ ಮುಂದಿನ ವರ್ಷಕ್ಕೆ ಒಯ್ಯಬಹುದಾದ ರಜೆಯನ್ನು 30ರಿಂದ 45 ದಿನಕ್ಕೆ ಏರಿಸಿದ್ದಾರೆ. ಆದರೆ ಸಾಫ್ಟ್‌ವೇರಿನಲ್ಲಿ "ವರ್ಷದ ಕೊನೆಗೆ ಲ್ಯಾಪ್ಸ್" ಅಂತ ಒಂದು ಟಿಕ್ ಮೊದಲೇ ಹಾಕಿಕೊಂಡೇ ಬಂದಿದ್ದರೆ? ಡಿಸೆಂಬರ್ 31ರ ರಾತ್ರಿ ಎಲ್ಲರ ಇಎಲ್ ಖಾಲಿ. ಆ ಒಂದು ಟಿಕ್ ಎಲ್ಲಿದೆ ಅಂತ ನೋಡದೆ ಸಹಿ ಹಾಕಲೇಬೇಡಿ.

ಈಗ ಯಾರೂ ಅಷ್ಟಾಗಿ ಮಾತಾಡದ ಒಂದು ವಿಷಯ. ರಜೆ ಕೊಡುವುದಿಲ್ಲ ಅಂದಾಗ ಏನಾಗುತ್ತದೆ? ಫ್ಯಾಕ್ಟರಿ ಕೆಲಸಗಾರರು ಸಾಮಾನ್ಯವಾಗಿ 30 ದಿನದವರೆಗೆ ಮಾತ್ರ ಇಎಲ್ ಮುಂದಕ್ಕೆ ಒಯ್ಯಬಹುದು. ಆದರೆ ನಿಯಮದ ಪ್ರಕಾರ ಕೇಳಿದ ರಜೆಯನ್ನು ಕೊಡದಿದ್ದರೆ, ಆ ದಿನಗಳಿಗೆ ಯಾವ ಮಿತಿಯೂ ಇಲ್ಲ. ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಇದೆ. ಅಂದ್ರೆ "ಇಲ್ಲ" ಅಂದದ್ದಕ್ಕೆ ದಾಖಲೆ ಬೇಕು.

ನಡೆಯುವುದೇನು? ಊರ ಜಾತ್ರೆಗೆ ಅಂತ ನಾಲ್ಕು ದಿನ ಕೇಳುತ್ತಾರೆ. ಸೂಪರ್‌ವೈಸರ್ ಕರೆದು, "ಆರ್ಡರ್ ಅರ್ಜೆಂಟ್ ಇದೆ ಕಣಪ್ಪ, ನೀನೇ ಅರ್ಜಿ ವಾಪಸ್ ತಗೋ" ಅನ್ನುತ್ತಾರೆ. ಆತ ಮರುಮಾತಾಡದೆ ಕ್ಯಾನ್ಸಲ್ ಒತ್ತುತ್ತಾನೆ. ಕೆಲವು ಆ್ಯಪ್‌ಗಳಲ್ಲಿ ವಾಪಸು ಪಡೆದ ಅರ್ಜಿ ಪಟ್ಟಿಯಿಂದಲೇ ಅಳಿಸಿಹೋಗುತ್ತದೆ. ಆತ ಕೇಳಿದ್ದೇ ಇಲ್ಲ ಅನ್ನುವ ಹಾಗಾಯಿತು. ಇನ್ನು ಕೆಲವೆಡೆ ಮ್ಯಾನೇಜರ್ ಏನೂ ಒತ್ತದೆ ಸುಮ್ನೆ ಬಿಟ್ಟರೆ ಅರ್ಜಿ ತಿಂಗಳುಗಟ್ಟಲೆ "ಪೆಂಡಿಂಗ್". ನನ್ನ ಪ್ರಕಾರ ಒಳ್ಳೇ ಸಾಫ್ಟ್‌ವೇರ್ ಮೂರು ಕೆಲಸ ಮಾಡಬೇಕು. ಕೇಳಿದ ಪ್ರತಿ ಅರ್ಜಿಯನ್ನೂ ಉಳಿಸಬೇಕು. ತಿರಸ್ಕರಿಸಲು ಕಾರಣ ಬರೆಯಿಸಬೇಕು. ಇಂತಿಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಮೇಲಿನವರಿಗೆ ಕಳಿಸಬೇಕು. ಮಾಲೀಕರಿಗೂ ಇದರಿಂದ ಲಾಭವೇ. ಯಾವ ವಿಭಾಗದಲ್ಲಿ ರಜೆ ಸಿಗುತ್ತಲೇ ಇಲ್ಲ ಎಂದು ಗೊತ್ತಾದರೆ, ಅಲ್ಲಿ ಯಾಕೆ ಜನ ನಿಲ್ಲುತ್ತಿಲ್ಲ ಅನ್ನೋದೂ ಗೊತ್ತಾಗುತ್ತದೆ.

ಹಬ್ಬದ ಪಟ್ಟಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. "ಇಂಡಿಯಾ ಹಾಲಿಡೇಸ್" ಅಂತ ಒಂದೇ ಪಟ್ಟಿ ಇದ್ದರೆ ನಡೆಯುವುದಿಲ್ಲ. ನಮ್ಮ ರಾಜ್ಯದ 1963ರ ಕಾಯ್ದೆ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಕಡ್ಡಾಯ. ಅದರ ಮೇಲೆ ಐದು ಹಬ್ಬದ ರಜೆ. ರಾಜ್ಯೋತ್ಸವದ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ. ಎಷ್ಟೋ ಬೆಂಗಳೂರು ಕಂಪನಿಗಳಿಗೆ ಅತ್ತಿಬೆಲೆ ದಾಟಿದರೆ ಹೊಸೂರಿನಲ್ಲಿ ಇನ್ನೊಂದು ಯೂನಿಟ್ ಇದೆ. ಅದು ತಮಿಳುನಾಡು. ಅಲ್ಲಿ ಪೊಂಗಲ್ ಬೇಕು, ನವೆಂಬರ್ 1 ಇಲ್ಲ. ಊರಿಗೊಂದು ಪಟ್ಟಿ ಇಡಲು ಬರಬೇಕು. ಚಂದ್ರ ಕಾಣುವುದರ ಮೇಲೆ ರಂಜಾನ್ ಒಂದು ದಿನ ಆಚೀಚೆ ಆಗುತ್ತದೆ. ಆಗ ಮಂಜೂರಾದ ರಜೆಗಳೆಲ್ಲ ತಾವಾಗಿಯೇ ಸರಿಹೋಗಬೇಕು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. 2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ 18ರಿಂದ 52 ವರ್ಷದ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಋತುಚಕ್ರ ರಜೆ ಕೊಡುವ ಆದೇಶ ಹೊರಡಿಸಿತು. ವೈದ್ಯರ ಸರ್ಟಿಫಿಕೇಟ್ ಬೇಡ. ಆ ತಿಂಗಳದ್ದು ಆ ತಿಂಗಳಿಗೇ. ಅದರ ಮೇಲೆ ಹೈಕೋರ್ಟಿಗೂ ಹೋಗಿದ್ದಾರೆ. ಕೋರ್ಟಿನ ಮಾತು ಬೇರೆ, ನಾನು ಹೇಳುತ್ತಿರುವುದು ಸ್ಕ್ರೀನಿನ ಮಾತು. ಬಹಳಷ್ಟು ಆ್ಯಪ್‌ಗಳಲ್ಲಿ ಟೀಮ್ ಕ್ಯಾಲೆಂಡರ್ ಇರುತ್ತದೆ, ಯಾರು ಯಾವತ್ತು ರಜೆ ಅಂತ ಎಲ್ಲರಿಗೂ ಕಾಣುತ್ತದೆ. ಅಲ್ಲಿ ರಜೆಯ ಬಗೆಯೂ ಕಂಡರೆ ಯಾವ ಹೆಣ್ಣುಮಗಳು ಈ ರಜೆ ಕೇಳುತ್ತಾಳೆ, ಹೇಳಿ? ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಕ್ಯಾಲೆಂಡರಿನಲ್ಲಿ "ರಜೆ" ಅಂತಷ್ಟೇ ಇರಬೇಕು. ಬಗೆ ಯಾವುದು ಅನ್ನೋದು ಸಂಬಳದ ಲೆಕ್ಕ ಮಾಡುವವರಿಗೆ ಮಾತ್ರ ಕಾಣಬೇಕು. ಕಾಯಿಲೆ ರಜೆಗೂ ಇದೇ ಮಾತು.

ಬೆರಳಚ್ಚು ಮಷೀನ್ ಜೋಡಿಸಿದರೆ ಸಾಕು, ಎಲ್ಲ ತಾನೇ ಆಗುತ್ತದೆ ಅನ್ನುತ್ತಾರೆ. ಲೇತ್ ಮೇಲೆ ಇಪ್ಪತ್ತು ವರ್ಷ ದುಡಿದವರ ಬೆರಳು ಒಮ್ಮೆ ನೋಡಿ. ಗೆರೆ ಸವೆದಿರುತ್ತದೆ, ಜೊತೆಗೆ ಕೂಲೆಂಟ್ ಎಣ್ಣೆ. ಮಷೀನ್ ಕೆಂಪು ದೀಪ ತೋರಿಸುತ್ತದೆ. ಅವರು ಪ್ಯಾಂಟಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಹಿಂದೆ ಸಾಲು ಬೆಳೆಯುತ್ತದೆ. ಆ ದಿನ ಪಂಚ್ ಬೀಳದಿದ್ದರೆ ಸಾಫ್ಟ್‌ವೇರ್ ತಾನಾಗಿ ಒಂದು ಸಿಎಲ್ ಕಳೆದುಬಿಡಬಾರದು. ಮೊದಲು ಅವರನ್ನು ಕೇಳಬೇಕು. ಕನ್ನಡದಲ್ಲಿ ಕೇಳಬೇಕು. ಕನ್ನಡ ಇಲ್ಲದ ಆ್ಯಪ್ ಆದರೆ "ಯಾವಾಗ ಕೊಡ್ತೀರಿ" ಅಂತ ಬರಹದಲ್ಲಿ ತೆಗೆದುಕೊಳ್ಳಿ. ಗಿರಾಕಿಗಳು ಕೇಳದೆ ಯಾರೂ ಕೊಡುವುದಿಲ್ಲ.

ಹತ್ತು ಜನರೂ ಇಲ್ಲದ ಕಡೆ ಏನೂ ಕೊಳ್ಳಬೇಕಿಲ್ಲ. ಒಂದು ಗೂಗಲ್ ಶೀಟ್ ಸಾಕು, ಪ್ರತಿಯೊಬ್ಬರಿಗೂ ಅವರವರ ಲೆಕ್ಕ ಕಾಣುವಂತಿರಲಿ, ಅಷ್ಟೇ.

ಕೊಳ್ಳುವವರು ಒಂದು ಕೆಲಸ ಮಾತ್ರ ಬಿಡಬೇಡಿ. ಹಳೇ ಎಕ್ಸೆಲ್‌ನಿಂದ ಬ್ಯಾಲೆನ್ಸ್ ತಂದು ಹೊಸದಕ್ಕೆ ಹಾಕುವ ಮುಂಚೆ, ಪ್ರತಿಯೊಬ್ಬರಿಗೂ ಅವರ ಲೆಕ್ಕ ಕನ್ನಡದಲ್ಲಿ ಪ್ರಿಂಟ್ ತೆಗೆದು ಕೊಡಿ. ತಪ್ಪಿದ್ದರೆ ಅವರೇ ಹೇಳಲಿ, ತಿದ್ದಿ, ಆಮೇಲೆ ಸಹಿ ಪಡೆಯಿರಿ. ತಪ್ಪು ಅಂಕಿ ಒಮ್ಮೆ ಒಳಗೆ ಸೇರಿದರೆ ಅದೇ ನಿಜ ಆಗಿಬಿಡುತ್ತದೆ. ಆಮೇಲೆ ಯಾರಾದರೂ ಕೆಲಸ ಬಿಟ್ಟರೆ, ಉಳಿದ ಇಎಲ್ ದುಡ್ಡನ್ನು ಎರಡನೇ ಕೆಲಸದ ದಿನದೊಳಗೆ ಕೊಡಬೇಕು ಎನ್ನುತ್ತದೆ ಕಾನೂನು. ಹಳೇ ಫೈಲ್ ಹುಡುಕುವುದಕ್ಕೆ ಆಗ ಸಮಯ ಇರುವುದಿಲ್ಲ. ಜನವರಿ 1ಕ್ಕೆ ಶುರು ಮಾಡುವವರಿದ್ದರೆ, ಡಿಸೆಂಬರ್ ಮೊದಲ ವಾರದಲ್ಲೇ ಆ ಹಾಳೆ ಎಲ್ಲರ ಕೈ ಸೇರಲಿ.