ಭಾರವಾದರೂ ಬಾಯಿಗೆ ಹತ್ತುವ ಮೆಟಲ್ ಹಾಡುಗಳು

ಮಾನ್ಯ ಸಂಗೀತಾಸಕ್ತರೇ,

ರಾಕ್ ಸಂಗೀತದ ಕವಲಾದ ಮೆಟಲ್ ಸಂಗೀತವನ್ನು ದೂರದಿಂದ ಕೇಳಿದವರು ಅದನ್ನು ಬರೀ ಅಬ್ಬರ ಎನ್ನುತ್ತಾರೆ. ಹತ್ತಿರದಿಂದ ಬಲ್ಲವರಲ್ಲೂ ಕೆಲವರು, ಹಾಡು ಬಾಯಿಗೆ ಹತ್ತುವಷ್ಟು ಸರಳವಾಯಿತೆಂದರೆ ಅದರ ಭಾರ ತಗ್ಗಿತೆಂದೇ ತಿಳಿಯುತ್ತಾರೆ. ನಾನು ಬಹುಕಾಲದಿಂದ ಪ್ರೀತಿಯಿಂದ ಕೇಳುತ್ತ ಬಂದಿರುವ ಮೂರು ಹಾಡುಗಳು ಈ ಎರಡು ಮಾತನ್ನೂ ಒಪ್ಪುವುದಿಲ್ಲ. ಅವುಗಳಿಗೆ ಭಾರ ತಂದುಕೊಡುವುದು ಯಾವುದೋ, ಅವುಗಳನ್ನು ನಾಲಿಗೆಯ ಮೇಲೆ ನಿಲ್ಲಿಸುವುದೂ ಅದೇ: ಕೆಲವೇ ಸ್ವರಗಳು, ಅವಸರವಿಲ್ಲದ ನಡೆ, ಸ್ವರಗಳ ನಡುವೆ ಧಾರಾಳವಾದ ಬಿಡುವು.

ಮೊದಲನೆಯದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡದ ‘ಐರನ್ ಮ್ಯಾನ್’, 1970ರದು. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ, ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವರು ಎಡಗೈಯಿಂದ ಮೀಟುವವರಾದ್ದರಿಂದ, ತಂತಿ ಒತ್ತಬೇಕಾದ ಬೆರಳುಗಳೇ ಮೊಂಡಾದವು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ ಅವರು ಮತ್ತೆ ನುಡಿಸಲು ಕುಳಿತರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್‌ನ ಹಲವು ಹಾಡುಗಳಲ್ಲಿ ಶ್ರುತಿಯನ್ನೇ ಮೂರು ಅರ್ಧಸ್ವರಗಳಷ್ಟು ಇಳಿಸಿ ತಂತಿಗಳನ್ನು ಸಡಿಲಗೊಳಿಸಿದರು. ಇಂದು ಮೆಟಲ್‌ಗೆ ಸಹಜವೆನಿಸಿರುವ ಮಂದ್ರ ನಾದದ ಹಿಂದೆ ನೋಯುವ ಈ ಬೆರಳುಗಳಿವೆ.

‘ಐರನ್ ಮ್ಯಾನ್’ ಶ್ರುತಿ ಇಳಿಸುವುದಕ್ಕೂ ಮುಂಚಿನ ಹಾಡು; ಆದರೂ ಅದರ ತೂಕ ಕಡಿಮೆಯಲ್ಲ. ಗಾಯಕ ಆಝಿ ಆಸ್ಬರ್ನ್ ಬೇರೊಂದು ಧಾಟಿಯನ್ನು ಹುಡುಕದೆ, ಗಿಟಾರ್ ನುಡಿಸುವ ಸಾಲನ್ನೇ ಹಾಡುತ್ತಾರೆ. ಕಛೇರಿಯಲ್ಲಿ ಪಿಟೀಲು ಗಾಯಕರನ್ನು ಹಿಂಬಾಲಿಸುವುದನ್ನು ನಾವು ಬಲ್ಲೆವು. ಇಲ್ಲಿ ಕಂಠವೇ ವಾದ್ಯದ ಬೆನ್ನು ಹಿಡಿದಿದೆ. ಆದ್ದರಿಂದ ಒಂದೇ ಸಾಲು ಎರಡು ದಾರಿಯಿಂದ ಕಿವಿಗೆ ಬೀಳುತ್ತದೆ, ಪದಗಳು ಮರೆತರೂ ಧಾಟಿ ಮರೆಯುವುದಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ನುಡಿಸಿದಾಗ, ನನ್ನ ಸುತ್ತ ನಿಂತವರು ಪದಗಳಿಲ್ಲದ ಗಿಟಾರ್ ಸಾಲುಗಳನ್ನೇ ಗಂಟಲು ಬಿಟ್ಟು ಹಾಡುತ್ತಿದ್ದುದು ಇಂದಿಗೂ ನೆನಪಿದೆ.

ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್‌ನ ಮೊದಲ ಹಾಡನ್ನೂ ಇಲ್ಲಿ ನೆನೆಯಬೇಕು. ಅದರ ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರ್ ಸಾಲು, ಮೂರೇ ಸ್ವರಗಳದ್ದು: ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ನಮ್ಮ ಕಲ್ಯಾಣಿ ರಾಗದಲ್ಲಿ ಗಾಂಧಾರ ಪಂಚಮಗಳ ನಡುವೆ ಮಂಗಳಕರವಾಗಿ ಕೇಳುವ ಆ ಸ್ವರ, ಇಲ್ಲಿ ಒಡನಾಡಿಗಳಿಲ್ಲದೆ ಒಂಟಿಯಾಗಿ ನಿಂತು ಮೈ ನಡುಗಿಸುತ್ತದೆ.

ಎರಡನೆಯದು ಅಮೆರಿಕದ ಟೆಕ್ಸಾಸಿನ ಪ್ಯಾಂಟೆರಾ ತಂಡದ 1992ರ ‘ವಾಕ್’. ದಯವಿಟ್ಟು ತೊಡೆಯ ಮೇಲೆ ನಾಲ್ಕು ಪೆಟ್ಟು ಹಾಕಿ, ಪ್ರತಿ ಪೆಟ್ಟಿನೊಳಗೂ ‘ತಕಿಟ’ ಎಂದು ಹೇಳಿಕೊಳ್ಳಿ. ಇದು ನಾವು ತಿಶ್ರ ನಡೆ ಎನ್ನುವುದು, ‘ವಾಕ್’ ಸಾಗುವುದೂ ಈ ನಡೆಯಲ್ಲೇ. ತಂಡದ ಗಿಟಾರ್ ವಾದಕ ಡೈಮ್‌ಬ್ಯಾಗ್ ಡ್ಯಾರೆಲ್ ಅತಿ ದಪ್ಪ ತಂತಿಯ ತೆರೆದ (ಬೆರಳಿನಿಂದ ಒತ್ತದ) ಸ್ವರವನ್ನೂ ಅದಕ್ಕೆ ಒತ್ತಿಕೊಂಡಿರುವ ಮೇಲಿನ ಅರ್ಧಸ್ವರವನ್ನೂ ನುಡಿಸಿ, ಎರಡನೆಯದನ್ನು ಬೆರಳಿನಿಂದ ಎಳೆದು ಸ್ವಲ್ಪ ಬಾಗಿಸುತ್ತಾರೆ. ಆ ಎಳೆತವನ್ನು ಕೇಳುವಾಗ ನನಗೆ ನಮ್ಮ ಸಂಗೀತದಲ್ಲಿ ಸ್ವರವನ್ನು ತೂಗಿಸುವ ಗಮಕದ ನೆನಪಾಗುತ್ತದೆ. ತಿಶ್ರ ನಡೆಯ ತೂಗಾಟದಿಂದಾಗಿ, ಅಷ್ಟು ಒರಟಾದ ನಾದಕ್ಕೂ ಕೇಳುವವರ ಕಾಲು ತಾನಾಗಿ ಕುಣಿಯುತ್ತದೆ. ಇದೇ ಸ್ವರಗಳನ್ನು ಪೆಟ್ಟಿಗೆ ನಾಲ್ಕರಂತೆ ಸಾಗುವ ಚತುರಶ್ರ ನಡೆಯಲ್ಲಿ ನುಡಿಸಿದ್ದರೆ ಭಾರ ಉಳಿಯುತ್ತಿತ್ತು, ಸೆಳೆತ ಹೋಗುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಯದು ಬ್ರೆಜಿಲ್‌ನ ಸೆಪುಲ್ಟುರಾ ತಂಡದ 1996ರ ‘ರೂಟ್ಸ್ ಬ್ಲಡಿ ರೂಟ್ಸ್’. ಆ ಆಲ್ಬಮ್‌ಗಾಗಿ ತಂಡದವರು ತಾಳವಾದ್ಯಗಾರ ಕಾರ್ಲಿನ್ಯೋಸ್ ಬ್ರೌನ್ ಅವರನ್ನು ಕರೆದುಕೊಂಡರು, ಶವಾಂತೆ ಆದಿವಾಸಿಗಳ ಊರಿಗೆ ಹೋಗಿ ಅವರೊಂದಿಗೆ ಧ್ವನಿಮುದ್ರಣ ಮಾಡಿಕೊಂಡರು. ಈ ಹಾಡಿನ ಪಲ್ಲವಿಯಲ್ಲಿ ಶೀರ್ಷಿಕೆಯ ಮೂರು ಪದಗಳೇ ಘೋಷಣೆಯಂತೆ ಮರಳಿ ಮರಳಿ ಬರುತ್ತವೆ. ಒಮ್ಮೆ ಕೇಳಿದವರು ಎರಡನೆಯ ಸಲಕ್ಕೆ ಜೊತೆಗೂಡಬಲ್ಲರು. ತಂಡದ ಆಗಿನ ಗಾಯಕ ಮ್ಯಾಕ್ಸ್ ಕವಲೇರಾ ತಮ್ಮ ಗಿಟಾರ್‌ನಿಂದ ತೆಳುವಾದ ಎರಡು ತಂತಿಗಳನ್ನು ತೆಗೆದುಹಾಕಿ, ಉಳಿದ ನಾಲ್ಕರ ಮೇಲಷ್ಟೇ ನುಡಿಸುವವರು. ಆ ಎರಡು ತಂತಿಗಳ ಅಗತ್ಯ ಈ ಹಾಡಿನಲ್ಲಿ ನನಗೆ ಎಲ್ಲಿಯೂ ಕಂಡಿಲ್ಲ.